ಏರೋಜೆಲ್ ಕಿಟಕಿ: ಯು-ವ್ಯಾಲ್ಯೂಗಿಂತ ಮೊದಲು ಕೇಳಬೇಕಾದ್ದು

ನಾನು ಬ್ರಿಟನ್ನಿನಲ್ಲಿ ಹಳೇ ಕಟ್ಟಡಗಳ ನವೀಕರಣದ ಕೆಲಸದಲ್ಲಿದ್ದೇನೆ. ಇಲ್ಲಿ ಸಂರಕ್ಷಿತ ಕಟ್ಟಡದ ಕಿಟಕಿಯನ್ನು ಮನಸ್ಸಿಗೆ ಬಂದ ಹಾಗೆ ಕಿತ್ತು ಬದಲಾಯಿಸುವಂತಿಲ್ಲ, ಅನುಮತಿ ಬೇಕು. ಹಾಗಾಗಿ ಒಂಟಿ ಗಾಜಿನ ಹಳೇ ಮರದ ಕಿಟಕಿಯನ್ನು ಹಾಗೇ ಉಳಿಸಿಕೊಂಡು ಮನೆಯ ಶಾಖ ಹೊರಹೋಗದಂತೆ ಒಳಗಿನಿಂದ ಇನ್ನೊಂದು ಪದರ ಕೂರಿಸುತ್ತೇವೆ. ಆ ಪದರಕ್ಕೆ ಏರೋಜೆಲ್ ಎಂಬ, ಶಾಖ ತಡೆಯುವ ಹಗುರ ವಸ್ತು ತುಂಬಿದರೆ ಹೇಗೆ ಎಂದು ಕೇಳುವವರಿದ್ದಾರೆ.

ವಸ್ತು ಹೊಸದೇನಲ್ಲ. ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಲರ್ 1931ರಲ್ಲೇ ಇದರ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಸಿಲಿಕಾ ಜೆಲ್‌ನ ಹಂದರ ಕುಸಿಯದಂತೆ ಅದರೊಳಗಿನ ದ್ರವ ತೆಗೆದರೆ ಉಳಿಯುವುದು ಬಹುಪಾಲು ಗಾಳಿಯೇ. ಆದರೆ ಆ ಗಾಳಿ ಕೂತಿರುವ ರಂಧ್ರಗಳು ಬರೀ ಹತ್ತಾರು ನ್ಯಾನೋಮೀಟರ್ ಅಗಲದವು. ಗಾಳಿಯ ಅಣುವೊಂದು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸರಾಸರಿ 70 ನ್ಯಾನೋಮೀಟರಿನಷ್ಟು ಸಾಗುತ್ತದೆ. ಇಲ್ಲಿ ಅಷ್ಟು ಜಾಗವೇ ಇಲ್ಲ. ಶಾಖ ಅಣುವಿಂದ ಅಣುವಿಗೆ ದಾಟುವುದು ಕಷ್ಟವಾಗುತ್ತದೆ.

ಕಿಟಕಿಯ ಮೂಲಕ ಶಾಖ ಎಷ್ಟು ಬೇಗ ದಾಟಿಹೋಗುತ್ತದೆ ಎಂಬುದರ ಅಳತೆ ಯು-ವ್ಯಾಲ್ಯೂ; ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂಟಿ ಗಾಜಿನದು 5.7ರ ಸುಮಾರು. ಅದರ ಹಿಂದೆ ಸ್ವಲ್ಪ ಅಂತರ ಬಿಟ್ಟು, ಏರೋಜೆಲ್ ಕಾಳು ತುಂಬಿದ 10 ಮಿ.ಮೀ. ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಪ್ಯಾನೆಲ್ ನಿಲ್ಲಿಸಿದರೆ, ಲೆಕ್ಕದಲ್ಲಿ ಅದು 1.2ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ತೆಳುವಿನಲ್ಲಿ ಇಷ್ಟು ಲಾಭ ನಿಜಕ್ಕೂ ದೊಡ್ಡದು.

ಆ ಕಾಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ತೂಕವೇ ಗೊತ್ತಾಗುವುದಿಲ್ಲ, ಬೆರಳಿಗೆ ಅಂಟಿಕೊಂಡು ಕೊಡವಿದರೂ ಬಿಡುವುದಿಲ್ಲ, ಚರ್ಮ ಒಣಗಿದಂತಾಗುತ್ತದೆ. ಕಪ್ಪು ಬಟ್ಟೆಯ ಮೇಲಿಟ್ಟರೆ ತಿಳಿನೀಲಿ, ಬೆಳಕಿಗೆ ಅಡ್ಡ ಹಿಡಿದರೆ ನಸುಹಳದಿ. ಬೆಳಕು ದಾಟಿ ಬರುತ್ತದೆ, ಆಚೆಗಿನ ನೋಟ ಬರುವುದಿಲ್ಲ.

ಇದೇ ಮುಖ್ಯ ವಿಷಯ. ಒಂದು ಶಾಲೆಯಲ್ಲಿ ನಕ್ಷೆ ಹರಡಿಕೊಂಡು ಎಲ್ಲ ಕಿಟಕಿಗೂ ಒಂದೇ ಪ್ಯಾನೆಲ್ ಎಂಬ ಚರ್ಚೆ ನಡೆದಿತ್ತು. ಸ್ವಾಗತದ ಮೇಜಿನಲ್ಲಿ ಕೂರುವ ಹಿರಿಯ ಮಹಿಳೆ ಸ್ಯಾಂಪಲ್ ಎತ್ತಿ ಕಣ್ಣಿಗೆ ಹಿಡಿದು ಕೇಳಿದರು: “ಗೇಟಿಗೆ ಯಾರು ಬಂದರು ಅಂತ ನನಗೆ ಇದರಲ್ಲಿ ಕಾಣುತ್ತಾ?” ಅವರಿಗೆ ಆ ಕಿಟಕಿ ಕೆಲಸದ ಸಾಧನ. ಅಲ್ಲಿಗೆ ಪಾರದರ್ಶಕ ಗಾಜಿನ ಪದರ ಎಂದು ನಕ್ಷೆಯಲ್ಲಿ ಬರೆದೆವು. ಮೆಟ್ಟಿಲು ಸಾಲು, ವ್ಯಾಯಾಮಶಾಲೆಯ ಎತ್ತರದ ಕಿಟಕಿ, ಶೌಚಾಲಯಗಳಿಗೆ ಏರೋಜೆಲ್ ಹೋಯಿತು. ಮಕ್ಕಳು ಕೂರುವ ತರಗತಿಯಲ್ಲಿ ಆಕಾಶ, ಮರ ಕಾಣದಂತೆ ಮಾಡುವುದಕ್ಕೆ ನನ್ನ ಒಪ್ಪಿಗೆ ಯಾವತ್ತೂ ಇಲ್ಲ, ಬಿಲ್ ಎಷ್ಟೇ ಉಳಿಯಲಿ.

ಸೈಟಿನಲ್ಲಿ ನಾನು ಕಣ್ಣಿಡುವುದು ಅಂಚುಗಳ ಮೇಲೆ. ಕ್ಯಾಟಲಾಗಿನ ಯು-ವ್ಯಾಲ್ಯೂ ಪ್ಯಾನೆಲ್ಲಿನ ನಡುಭಾಗದ್ದಾಗಿರಬಹುದು. ಸುತ್ತ ಬರಿಯ ಅಲ್ಯೂಮಿನಿಯಂ ಚೌಕಟ್ಟು ಹಾಕಿದರೆ ಶಾಖ ಅದರ ಮೂಲಕ ಹೊರಟುಹೋಗುತ್ತದೆ. ಇನ್ನೊಂದು, ತೇವ. ಒಳಪದರ ಬಂದಮೇಲೆ ಹಳೇ ಗಾಜು ಮೊದಲಿಗಿಂತ ತಣ್ಣಗಿರುತ್ತದೆ. ಕೋಣೆಯ ಬೆಚ್ಚನೆ ಗಾಳಿ ಸಂದಿಯಲ್ಲಿ ನುಸುಳಿದರೆ ಅದರಲ್ಲಿನ ತೇವ ಅಲ್ಲೇ ನೀರಾಗಿ, ಕೆಳಗಿನ ಮರಕ್ಕೆ ಇಳಿಯುತ್ತದೆ. ಆದ್ದರಿಂದ ಒಳಗಿನ ಸೀಲ್ ಬಿಗಿಯಾಗಿರಬೇಕು, ಹೊರಗಿನ ಹಳೇ ಕಿಟಕಿ ತುಸು ಉಸಿರಾಡಬೇಕು. ಕೂರಿಸುವವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಡ್ರಾಯಿಂಗಿನಲ್ಲಿ ಬರೆದು ಕೊಡಬೇಕು.

ಬೆಂಗಳೂರಿನ ಗೆಳೆಯರು ಮನೆಗೆ ಹಾಕಿಸಬಹುದಾ ಎನ್ನುತ್ತಾರೆ. ಅಲ್ಲಿ ಚಳಿಗಾಲವಿಡೀ ಮನೆ ಕಾಯಿಸುವ ಖರ್ಚಿಲ್ಲ; ತೊಂದರೆ ಕೊಡುವುದು ನೇರ ಬಿಸಿಲು. ಆ ಹಣದಲ್ಲಿ ಪಶ್ಚಿಮದ ಕಿಟಕಿಗೆ ಅಗಲವಾದ ಸಜ್ಜಾ, ಹೊರಗಡೆ ಒಂದು ಪರದೆ ಹಾಕಿಸಿ ಅನ್ನುತ್ತೇನೆ.