ಮೈನಸ್ ಅಂದ್ರೆ ಗ್ರೌಂಡ್ ಅನ್ಕೊಂಡು ಸಬ್ (ಬೇಸ್‌ಗೆ ಅಂತಲೇ ಇರೋ ಸಬ್‌ವೂಫರ್ ಸ್ಪೀಕರ್) ಕನೆಕ್ಟ್ ಮಾಡಿದ ಕಥೆ
ಜಾಬ್ ಶೀಟಲ್ಲಿ ಇದ್ದಿದ್ದು "ಸಬ್ ಕನೆಕ್ಷನ್, ಅರ್ಧ ಗಂಟೆ" ಅಂತ ಅಷ್ಟೇ. ಕಂಪ್ಯಾಟಿಬಲ್ ಅನ್ನೋ ಕಾಲಂಗೆ ಟಿಕ್ ಹಾಕಿ ಸೇಲ್ಸ್‌ನೋರು ಕೈ ತೊಳ್ಕೊಂಡಿದ್ರು. ಹೋಗಿ ನೋಡಿದ್ರೆ ಕಸ್ಟಮರ್ ಹತ್ರ ಇರೋದು ಅಂಗೈಯಗಲದ, ಕ್ಲಾಸ್ ಡಿ ಅನ್ನೋ ಬಗೆಯ ಆಂಪ್ (ಆಂಪ್ಲಿಫೈಯರ್), 24 ವೋಲ್ಟ್ ಅಡಾಪ್ಟರ್. ಸಬ್‌ಗೆ ಸಿಗ್ನಲ್ ಕೊಡೋಕೆ ಸಬ್ ಔಟ್ ಇಲ್ಲ, ಪ್ರೀ ಔಟ್ ಇಲ್ಲ, ಹಿಂದೆ ಹಾಡು ಒಳಗೆ ಕೊಡೋ ಒಂದು ಜೊತೆ ಆರ್‌ಸಿಎ ಇನ್‌ಪುಟ್ (ದುಂಡನೆ ಸಾಕೆಟ್) ಮತ್ತೆ ನಾಲ್ಕು ಸ್ಪೀಕರ್ ಟರ್ಮಿನಲ್.

ಸರಿ, ಹೈ ಲೆವೆಲಲ್ಲಿ, ಅಂದ್ರೆ ಸ್ಪೀಕರ್ ಟರ್ಮಿನಲ್ಲಿಂದಲೇ ಸಬ್‌ಗೆ ಸಿಗ್ನಲ್ ಕೊಡೋಣ ಅಂತ ಕೂತೆ. ದಿನಾ ಮಾಡೋದೇ, ಕೆಂಪು ವೈರ್ ಬಲದ ಪ್ಲಸ್‌ಗೆ, ಹಳದಿ ಎಡದ ಪ್ಲಸ್‌ಗೆ, ಕಪ್ಪು ಯಾವ್ದಾದ್ರೂ ಒಂದು ಮೈನಸ್‌ಗೆ. ಸಬ್ ಒಳಗೆ ಅದರದ್ದೇ ಆಂಪ್ ಇರೋದ್ರಿಂದ ಇಲ್ಲಿಂದ ಅದು ಎಳೆಯೋ ಕರೆಂಟ್ ಲೆಕ್ಕಕ್ಕೇ ಇಲ್ಲ, ಬುಕ್‌ಶೆಲ್ಫ್ ಸ್ಪೀಕರ್ ವೈರ್ ಹಾಗೇ ಇರತ್ತೆ. ಬ್ಲೂಟೂತಲ್ಲಿ ಹಾಡು ಹಾಕಿದ್ವಿ, ಬೇಸ್ ಚೆನ್ನಾಗೇ ಬಂತು, ನಾನು ಕೆಲಸ ಮುಗೀತು ಅಂತ ಆಫ್ಟರ್ ಫೋಟೋ ತೆಗ್ದು ಕಂಪನಿ ಆಪ್‌ಗೂ ಹಾಕ್ಬಿಟ್ಟೆ.

"ಒಂದ್ ನಿಮಿಷ, ಕಂಪ್ಯೂಟರ್‌ದೂ ನೋಡ್ಬಿಡೋಣ" ಅಂತ ಕಸ್ಟಮರ್ರೇ ಆರ್‌ಸಿಎ ಸಿಕ್ಕಿಸಿದ್ರು. ಟಕ್! ಎರಡೂ ಸ್ಪೀಕರ್ ಗಪ್‌ಚುಪ್, ಆಂಪ್ ಲೈಟ್ ಕೆಂಪಗೆ ಮಿಣುಕ್ತಾ ಇದೆ.

ಟಕ್ ಅಂದಿದ್ದು ಅವ್ರ ಕೇಬಲ್ ಮುಟ್ಟಿದಾಗ ತಾನೇ, ಹಾಗಾಗಿ ತಪ್ಪು ಅವ್ರದ್ದೇ ಅಂತ ನಾನು ಅಲ್ಲೇ ತೀರ್ಪು ಕೊಟ್ಬಿಟ್ಟೆ. "ಕೇಬಲ್ ಶಾರ್ಟ್ ಇರ್ಬೇಕು ಸಾರ್" ಅಂತ ಬ್ಯಾಗಿಂದ ಹೊಸದು ತೆಗ್ದು ಹಾಕ್ದೆ, ಮತ್ತೆ ಟಕ್. "ಹಾಗಾದ್ರೆ ಸೌಂಡ್ ಕಾರ್ಡ್ ಹೋಗಿರ್ಬೋದು" ಅಂದೆ. ಅವ್ರು ಮಾತೇ ಆಡ್ದೆ ಅದೇ ಕಂಪ್ಯೂಟರ್‌ಗೆ ಹೆಡ್‌ಫೋನ್ ಹಾಕಿ ನನ್ ಕೈಗೆ ಕೊಟ್ರು, ನೀಟಾಗಿ ಹಾಡ್ತಿತ್ತು. ಆಮೇಲೆ ವೈರ್ ಎಳೆ ಏನಾದ್ರೂ ಪಕ್ಕದ ಟರ್ಮಿನಲ್‌ಗೆ ತಾಗ್ತಿದ್ಯಾ ಅಂತ ಟಾರ್ಚ್ ಬಾಯಲ್ಲಿ ಕಚ್ಕೊಂಡು ನಾಲ್ಕೂ ಬಿಚ್ಚಿ, ಹೊಸದಾಗಿ ಸುಲಿದು, ಹುರಿ ಮಾಡಿ ಹಾಕ್ದೆ. ಸ್ಪೀಕರ್‌ಗೆ ಮೀಟರ್ ಇಟ್ರೆ 6 ಓಮ್ ಚಿಲ್ಲರೆ, 8 ಓಮ್ ಸ್ಪೀಕರ್‌ಗೆ ಅದು ಸರಿನೇ. ಸಬ್ ವೈರ್ ತೆಗೆದ್ರೆ ಎಲ್ಲಾ ಸರಿ, ಕಂಪ್ಯೂಟರ್ ತೆಗೆದ್ರೂ ಎಲ್ಲಾ ಸರಿ, ಎರಡೂ ಒಟ್ಟಿಗೆ ಇದ್ರೆ ಮಾತ್ರ ಟಕ್. ಹಿಂದೆ ಕೈ ಕಟ್ಕೊಂಡು ನಿಂತಿರೋ ಕಸ್ಟಮರ್ ಮುಖ ನೋಡೋಕೂ ಆಗ್ತಿಲ್ಲ.

ಕೊನೆಗೆ ನಮ್ ಟೀಮಲ್ಲಿ ಕಾರ್ ಆಡಿಯೋದಿಂದ ಬಂದ ಹುಡುಗನಿಗೆ ಫೋನ್ ಹಚ್ಚಿದೆ. ಪೂರ್ತಿ ಕೇಳೋ ಮುಂಚೆನೇ "ಅಣ್ಣಾ, ಕಪ್ಪು ಮೈನಸ್‌ಗೆ ಕೊಟ್ರಾ? ಸಬ್ ಬಿಚ್ಚಿ, ಆ ಮೈನಸ್‌ಗೂ ಆರ್‌ಸಿಎ ಹೊರ ರಿಂಗ್‌ಗೂ ಮೀಟರ್ ಇಟ್ ನೋಡಿ, ಡಿಸಿಲಿ" ಅಂದ. ಹಾಡು ನಿಲ್ಸಿ ಇಟ್ಟೆ. 12.1. ಪ್ಲಸ್ ಮೇಲೆ ಇಟ್ರೆ ಅದೂ 12.1.

ಬ್ರಿಡ್ಜ್ ಔಟ್‌ಪುಟ್. ಅದ್ರಲ್ಲಿ ಮೈನಸ್ ಗ್ರೌಂಡೇ, ಅಂದ್ರೆ ಸೊನ್ನೆ ವೋಲ್ಟಿನ ಕಡೆಯೇ ಅಲ್ಲ, ಅದರ ಹಿಂದೆನೂ ಒಂದು ಆಂಪ್ ಕೂತಿರತ್ತೆ, ಎರಡೂ ಸಪ್ಲೈನ ಅರ್ಧ ವೋಲ್ಟೇಜಲ್ಲಿ ನಿಂತಿರ್ತವೆ, ಹಾಡು ಬಂದಾಗ ಒಂದು ಏರಿದ್ರೆ ಇನ್ನೊಂದು ಇಳಿಯತ್ತೆ. ಸುಮ್ನೆ ಇದ್ದಾಗ ಎರಡರ ಮಧ್ಯ ವ್ಯತ್ಯಾಸ ಸೊನ್ನೆ, ಹಾಗಾಗಿ ಸ್ಪೀಕರ್‌ಗೆ ಆ ಡಿಸಿ ಗೊತ್ತೇ ಆಗಲ್ಲ. ನಾನು ಕಪ್ಪು ವೈರಲ್ಲಿ ಆ 12 ವೋಲ್ಟನ್ನ ಸಬ್ ಗ್ರೌಂಡ್‌ಗೆ ಕಟ್ಟಿದ್ದೆ. ಸಬ್‌ದು ಮೂರು ಪಿನ್, ಅರ್ತ್‌ಗೆ ಹೋಗತ್ತೆ, ಕಂಪ್ಯೂಟರ್‌ದೂ ಮೂರು ಪಿನ್, ಆಂಪ್ ಅಡಾಪ್ಟರ್‌ಗೆ ಮಾತ್ರ ಅರ್ತ್ ಇಲ್ಲ. ಬ್ಲೂಟೂತಲ್ಲಿ ಏನೂ ಆಗ್ಲಿಲ್ಲ ಅಂದ್ರೆ ಅದಕ್ಕೇ. ಆರ್‌ಸಿಎ ಹಾಕಿದ್ ತಕ್ಷಣ ಅದರ ಹೊರ ರಿಂಗ್ ಮೂಲಕ ಆಂಪ್ ಗ್ರೌಂಡೂ ಅರ್ತ್‌ಗೆ ಸೇರ್ತು, ಆ ಮೈನಸ್ ನೇರ ಶಾರ್ಟ್ ಆಯ್ತು. ಪ್ರೊಟೆಕ್ಷನ್ ಇಲ್ದಿದ್ರೆ ಆಂಪ್ ಒಳಗಿನ ಐಸಿ ಚಿಪ್‌ಗೆ ತಿಥಿ. ಕಾರ್ ಸ್ಟೀರಿಯೋಗಳಲ್ಲಿ ಬ್ರಿಡ್ಜ್ ಔಟ್‌ಪುಟ್ಟೇ ಜಾಸ್ತಿ, ಅಲ್ಲಿ ಸ್ಪೀಕರ್ ಮೈನಸ್‌ನ ಕಾರಿನ ಲೋಹದ ಬಾಡಿಗೆ ಸೇರಿಸ್ಬಾರ್ದು ಅನ್ನೋದು ಮೊದಲ ಪಾಠವಂತೆ.

ಕ್ಲಾಸ್ ಡಿ ಆದ್ರೆ ಕಪ್ಪು ವೈರ್ ಆಂಪ್‌ನ ಚಾಸಿಗೆ (ಲೋಹದ ಡಬ್ಬಿಗೆ) ಕೊಡಿ ಅಂತ ಕೆಲವು ಸಬ್‌ಗಳ ಮ್ಯಾನ್ಯುಯಲಲ್ಲೇ ಇರತ್ತೆ. ಆದ್ರೆ ಇಲ್ಲಿ ಪ್ಲಸ್ ಮೇಲೂ 12 ವೋಲ್ಟ್ ಇದೆ, ಈ ಸಬ್ ಇನ್‌ಪುಟ್ ಅದನ್ನ ತಡಿಯತ್ತಾ ಅಂತ ಕಸ್ಟಮರ್ ಮಾಲಿನ ಮೇಲೆ ಪರೀಕ್ಷೆ ಮಾಡೋ ಧೈರ್ಯ ನನಗಿರ್ಲಿಲ್ಲ. ಹುಡುಗ ಲೈನ್ ಔಟ್‌ಪುಟ್ ಕನ್ವರ್ಟರ್ ತಂದ, ಸ್ಪೀಕರ್ ಸಿಗ್ನಲನ್ನ ಆರ್‌ಸಿಎ ಮಟ್ಟಕ್ಕೆ ಇಳಿಸೋ ಡಬ್ಬಿ. ಒಳಗೆ ಎರಡೂ ಕಡೆ ವೈರನ್ನ ಬೇರೆ ಬೇರೆ ಇಡೋ ಟ್ರಾನ್ಸ್‌ಫಾರ್ಮರ್ ಇರೋದೇ ಬೇಕು, ಬರೀ ರೆಸಿಸ್ಟರ್ ಹಾಕಿರೋದ್ರಲ್ಲಿ ಗ್ರೌಂಡ್ ಕಾಮನ್ ಆಗಿದ್ರೆ ಮತ್ತೆ ಅದೇ ರಾಮಾಯಣ. ಎಡ ಬಲ ಎರಡೂ ಜೊತೆ ವೈರ್ ಅದಕ್ಕೆ, ಆ ಕಡೆಯಿಂದ ಆರ್‌ಸಿಎ ಸಬ್‌ನ ಲೈನ್ ಇನ್‌ಗೆ. ಎಲ್‌ಎಫ್‌ಇ (ಹೋಮ್ ಥಿಯೇಟರ್ ಬೇಸ್ ಚಾನೆಲ್) ಸಾಕೆಟ್‌ಗೆ ಕೊಟ್ರೆ, ಎಷ್ಟು ಹರ್ಟ್ಸ್ ಕೆಳಗಿನದ್ದು ಸಬ್ ನುಡಿಸ್ಬೇಕು ಅಂತ ಹೇಳೋ ಕ್ರಾಸ್‌ಓವರ್ ನಾಬ್ ಸಾಮಾನ್ಯವಾಗಿ ಲೆಕ್ಕಕ್ಕೇ ಇರಲ್ಲ. ಕ್ರಾಸ್‌ಓವರ್ 60 ಹರ್ಟ್ಸ್ ಹತ್ರ ಇಟ್ಟು, ಫೇಸ್ ಸ್ವಿಚ್ 0, 180 ಎರಡೂ ಹಾಕಿ, ಸೋಫಾದಲ್ಲಿ ಕೂತಾಗ ಯಾವ್ದ್ರಲ್ಲಿ ಬೇಸ್ ತುಂಬ್ಕೊಂಡು ಬಂತೋ ಅದಕ್ಕೆ ಬಿಟ್ವಿ. ಕಂಪ್ಯೂಟರ್ ಹಾಕಿದ್ವಿ, ಟಕ್ ಇಲ್ಲ, ಗುಂಯ್ ಅನ್ನೋ ಸದ್ದೂ ಇಲ್ಲ.

ಬುಕಿಂಗಲ್ಲೇ ಆಂಪ್ ಹಿಂಭಾಗದ ಫೋಟೋ ಕೇಳಿ ಅಂತ ಆಫೀಸಲ್ಲಿ ಹೇಳ್ದೆ, ಫಾರ್ಮ್ ಈಗ್ಲೇ ಉದ್ದ ಆಯ್ತು ಅಂದ್ರು. ಆಪ್‌ಗೆ ಹಾಕಿದ್ ಫೋಟೋ ಬದಲಾಯಿಸೋಕೆ ಬರಲ್ಲ, ಹಾಗಾಗಿ ಕಪ್ಪು ವೈರ್ ಮೈನಸ್‌ಗೆ ಹಾಕಿರೋ ಫೋಟೋನೇ ಮ್ಯಾನೇಜರ್ "ನೀಟ್ ವೈರಿಂಗ್, ಎಲ್ಲರೂ ನೋಡಿ" ಅಂತ ಗ್ರೂಪಿಗೆ ಹಾಕಿದಾರೆ.