ಸಣ್ಣದಿರುವಾಗ ತಪ್ಪಿದ್ದನ್ನು ಈಗ ಸರಿ ಮಾಡ್ಲಿಕ್ಕೆ ಆಗ್ತದಾ?

ಮಂಗಳೂರು, ಉಡುಪಿ ಕಡೆಯ ತಂದೆತಾಯಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಗಂಡಹೆಂಡತಿ ಇಬ್ಬರೂ ಗಲ್ಫಿನಲ್ಲಿದ್ದರು, ಮಗಳು ಐದು ವರ್ಷದವರೆಗೆ ಅಜ್ಜಿಮನೆಯಲ್ಲಿ ಬೆಳೆದಳು. ಈಗ ಅವಳಿಗೆ 14. ಮಾತಾಡಿಸಿದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. "ಮೊದಲ ವರ್ಷಗಳೇ ಮುಖ್ಯ ಅಂತಾರಲ್ಲ, ಇನ್ನು ಎಂತ ಮಾಡ್ಲಿಕ್ಕೆ ಆಗ್ತದೆ?"

ಆಗ್ತದೆ. ಆದರೆ ಮೊದಲು ಬದುಕನ್ನು 'ಹಂತ'ಗಳಾಗಿ ನೋಡುವ ಲೆಕ್ಕ ಎಲ್ಲಿಂದ ಬಂತು ಎಂದು ನೋಡಬೇಕು. ಮನೋವಿಶ್ಲೇಷಕ ಎರಿಕ್ ಎರಿಕ್ಸನ್ 1950ರಲ್ಲಿ ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ನೋಡಿದರು. ಪ್ರತಿ ಹಂತದಲ್ಲೂ ಒಂದು ಎಳೆದಾಟ. ಮೊದಲ ಒಂದೂವರೆ ವರ್ಷ ನಂಬಿಕೆ ಮತ್ತು ಅಪನಂಬಿಕೆಯದು, 3ರವರೆಗೆ ಸ್ವಾಯತ್ತತೆ ಮತ್ತು ನಾಚಿಕೆಯದು, 6ರ ಹೊತ್ತಿಗೆ ತಾನೇ ಮುಂದಾಗುವ ಹುಮ್ಮಸ್ಸು ಮತ್ತು ತಪ್ಪಿತಸ್ಥ ಭಾವದ್ದು, 12ರವರೆಗೆ ಶ್ರಮ ಮತ್ತು ಕೀಳರಿಮೆಯದು. ಆಮೇಲೆ ಹದಿಹರೆಯದ ಅಸ್ಮಿತೆ (ತಾನು ಯಾರೆಂಬ ಅರಿವು), ಯೌವನದ ಆತ್ಮೀಯತೆ, ನಡುವಯಸ್ಸಿನಲ್ಲಿ ಮುಂದಿನವರನ್ನು ಬೆಳೆಸುವ ಕಾಳಜಿ, ಕೊನೆಗೆ ಮುಪ್ಪಿನ ಸಮಾಧಾನ. ವಯಸ್ಸಿನ ಗೆರೆಗಳು ಅಂದಾಜು ಮಾತ್ರ. ಜನರನ್ನು ಹತ್ತಿರದಿಂದ ನೋಡಿ ಕಟ್ಟಿದ ಚೌಕಟ್ಟು ಇದು, ರಕ್ತಪರೀಕ್ಷೆಯ ವರದಿಯಂತೆ ಓದಬಾರದು.

ಜನ ಇದನ್ನು ಶಾಲೆಯ ತರಗತಿಯ ಹಾಗೆ ಭಾವಿಸುತ್ತಾರೆ: ಒಂದರಲ್ಲಿ ಫೇಲಾದರೆ ಮುಂದೆ ದಾರಿಯಿಲ್ಲ ಎಂದು. ಎರಿಕ್ಸನ್ ಹೇಳಿದ್ದು ತಕ್ಕಡಿಯ ಎರಡು ತಟ್ಟೆಗಳ ತೂಕದ ಮಾತು. ಪೂರ್ತಿ ನಂಬಿಕೆ ಯಾರಲ್ಲೂ ಇರುವುದಿಲ್ಲ, ಇರಲೂಬಾರದು. ಅಪರಿಚಿತರು ಕರೆದಲ್ಲಿಗೆಲ್ಲ ಹೋಗುವ ಮಗು ಅಪಾಯದಲ್ಲಿರುತ್ತದೆ. ನಂಬಿಕೆಯ ತಟ್ಟೆ ಸ್ವಲ್ಪ ಹೆಚ್ಚು ತೂಗಿದರೆ ಸಾಕು. ಹಳೆಯ ಪ್ರಶ್ನೆ ಮುಂದಿನ ಪ್ರತಿ ವಯಸ್ಸಿನಲ್ಲೂ ಹೊಸ ವೇಷ ಹಾಕಿ ಬರುತ್ತದೆ. ಬಂದಾಗಲೆಲ್ಲ ಆ ತೂಕ ಬದಲಾಗಬಹುದು.

ಈಗ ಆ 14ರ ಹುಡುಗಿಯ ವಿಷಯ. ಅಜ್ಜಿ ಹಸಿವಿಗೆ ಉಣಿಸಿ, ಅತ್ತಾಗ ಎತ್ತಿಕೊಂಡಿದ್ದರೆ ಅವಳ ನಂಬಿಕೆಗೆ ಬುನಾದಿ ಬಿದ್ದಿದೆ. ಅದು ಹೆತ್ತವಳಿಂದಲೇ ಬರಬೇಕೆಂದಿಲ್ಲ. ಪೆಟ್ಟು ಬಿದ್ದಿರುವುದು ಹೆಚ್ಚಾಗಿ ಐದನೇ ವಯಸ್ಸಿನಲ್ಲಿ, ಅಜ್ಜಿಯಿಂದ ಬಿಡಿಸಿ ಕರೆದುಕೊಂಡು ಬಂದಾಗ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಅಜ್ಜಿಯ ಸಂಪರ್ಕ ಕಡಿಮೆ ಮಾಡಿ 'ನಮ್ಮ ಕಡೆ ತಿರುಗಿಸುವ' ಪ್ರಯತ್ನ ದಯವಿಟ್ಟು ಬೇಡ. ಒಂದು ಸಲ, ಒಂದೇ ಸಲ, ನೇರವಾಗಿ ಹೇಳಿ: "ಆಗ ನಾವು ನಿನ್ನ ಹತ್ತಿರ ಇರಲಿಲ್ಲ. ಅಜ್ಜಿಯನ್ನು ಬಿಟ್ಟು ಬರುವಾಗ ನಿಂಗೆ ತುಂಬ ಕಷ್ಟ ಆಗಿರ್ಬಹುದು." ಸಾಲ, ಮನೆ, ವೀಸಾದ ಕಾರಣಗಳನ್ನು ಅದರ ಹಿಂದೆ ಜೋಡಿಸಬೇಡಿ, ಕಾರಣ ಕೇಳಿದ ಕೂಡಲೇ ಮಗುವಿಗೆ ಕ್ಷಮಿಸಲೇಬೇಕಾದ ಹೊರೆ ಬೀಳುತ್ತದೆ. ಆಮೇಲಿನ ಕೆಲಸ ದಿನನಿತ್ಯದ್ದು. ಆರು ಗಂಟೆಗೆ ಬರುತ್ತೇನೆಂದರೆ ಆರಕ್ಕೆ ಬರಬೇಕು, ತಡವಾದರೆ ಐದೂಮುಕ್ಕಾಲಿಗೇ ಫೋನು ಹೋಗಬೇಕು. ದಿನಕ್ಕೆ 15 ನಿಮಿಷ, ಮಾರ್ಕ್ಸಿನ ಮಾತಿಲ್ಲದೆ, ಅವಳ ಜೊತೆ ಅವಳಿಗೆ ಬೇಕಾದ್ದು. ಶುರುವಿನ ವಾರಗಳಲ್ಲಿ ಸಿಟ್ಟು ಹೆಚ್ಚಾಗಬಹುದು. ಈ ಮಾತು ಎಷ್ಟು ದಿನ ನಿಲ್ಲುತ್ತದೆ ಎಂದು ಅವಳು ಪರೀಕ್ಷಿಸುತ್ತಿರುತ್ತಾಳೆ. ಹೆಚ್ಚಿನವರು ಕೈಬಿಡುವುದು, ಇಲ್ಲವೇ ಹೊಸ ಮೊಬೈಲ್ ತಂದುಕೊಡುವುದು ಇಲ್ಲೇ.

ಇನ್ನೂ ಸಣ್ಣ ಮಕ್ಕಳಿರುವವರಿಗೆ ಎರಡನೇ ಹಂತದ ಬಗ್ಗೆ ಒತ್ತಿ ಹೇಳಬೇಕು. ಎರಡು ವರ್ಷದ ಮಗು "ನಾನೇ" ಎಂದು ಹಟ ಹಿಡಿಯುವುದು ಅಹಂಕಾರದಿಂದಲ್ಲ. ಮಳೆಗಾಲದ ಬೆಳಿಗ್ಗೆ ರೈನ್‌ಕೋಟು ತಾನೇ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು, ನಿಮ್ಮ ಹತ್ತಿರ ಎರಡೇ ನಿಮಿಷ ಇರುತ್ತದೆ. ಹತ್ತು ನಿಮಿಷ ಮುಂಚೆ ಎಬ್ಬಿಸಿ. ಆಯ್ಕೆ ಎರಡೇ ಇರಲಿ: ಕೆಂಪು ಅಂಗಿಯೋ ನೀಲಿಯೋ. ಶೌಚದ ಅಭ್ಯಾಸಕ್ಕೂ ಅವಸರ ಬೇಡ. ಎರಡು ಗಂಟೆ ಚಡ್ಡಿ ಒಣಗಿರಬೇಕು, ಅದನ್ನು ತಾನೇ ಇಳಿಸಲು ಬರಬೇಕು, ಬರುವ ಮೊದಲು ಹೇಳಲು ತಿಳಿಯಬೇಕು. ಹೆಚ್ಚಿನ ಮಕ್ಕಳಿಗೆ ಇದೆಲ್ಲ ಕೂಡಿಬರುವುದು 2 ಮತ್ತು 3ರ ನಡುವೆ. ಒದ್ದೆ ಮಾಡಿದಾಗ ಮನೆಯವರೆಲ್ಲ ಸೇರಿ "ಶೇಮ್ ಶೇಮ್" ಎನ್ನುವುದನ್ನು ನಿಲ್ಲಿಸಿ. ಎರಿಕ್ಸನ್ ಹೆಸರಿಟ್ಟ ನಾಚಿಕೆ ಅದೇ. ಹಾಗೆ ಅನ್ನಿಸಿಕೊಂಡ ಮಗು ಬಾಗಿಲ ಹಿಂದೆ ಅಡಗಿ, ಮಲ ತಡೆದು ಹಿಡಿದು, ಮಲಬದ್ಧತೆ ತಂದುಕೊಳ್ಳಬಹುದು. ಆಮೇಲೆ ನೋವಿಗೆ ಹೆದರಿ ಮತ್ತೆ ತಡೆಯುತ್ತದೆ.

ಶಾಲಾ ವಯಸ್ಸಿನಲ್ಲಿ ಆತ್ಮವಿಶ್ವಾಸ ಹುಟ್ಟುವುದು ಹೊಗಳಿಕೆಗಿಂತ ಹೆಚ್ಚಾಗಿ ಮುಗಿಸಿದ ಕೆಲಸದಿಂದ. ಯಕ್ಷಗಾನದ ಒಂದು ಹೆಜ್ಜೆ ತಾಳಕ್ಕೆ ಕೂತದ್ದು, ಮಡಲಿನ ಕಡ್ಡಿಯಲ್ಲಿ ಒಂದು ಹಿಡಿಸೂಡಿ ಕಟ್ಟಿದ್ದು, ಇವು "ಜಾಣ ಮಗ" ಎನ್ನುವ ನೂರು ಮಾತಿಗಿಂತ ಭಾರ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡಿ ಬೆಳೆದು ಇಂಗ್ಲಿಷ್ ಮೀಡಿಯಂಗೆ ಹೋದ ಮಗು ಮೊದಲ ವರ್ಷ ಮೌನವಾಗಿರಬಹುದು, ಅದನ್ನು ದಡ್ಡತನ ಎನ್ನಬೇಡಿ. ಆದರೆ 8 ವರ್ಷವಾದರೂ ಯಾವ ಭಾಷೆಯಲ್ಲೂ ಓದು ಹಿಡಿತಕ್ಕೆ ಬಾರದಿದ್ದರೆ ಟ್ಯೂಷನ್ ಹಾಕುವ ಮೊದಲು ಕಣ್ಣು, ಕಿವಿ, ಕಲಿಕಾ ನ್ಯೂನತೆಯ ತಪಾಸಣೆ ಆಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ.

ಎಸ್ಸೆಸ್ಸೆಲ್ಸಿ ಆದ ಮೇಲಿನ ಕೆಲವೇ ವಾರಗಳಲ್ಲಿ ನಮ್ಮ ಮಕ್ಕಳ ಅಸ್ಮಿತೆ ತೀರ್ಮಾನವಾಗಿಬಿಡುತ್ತದೆ: ಸೈನ್ಸ್, ನೀಟ್, ಡಾಕ್ಟರ್. ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯ 1966ರಲ್ಲಿ ಇಂಥ ಸ್ಥಿತಿಯನ್ನು ಬೇರೆಯಾಗಿ ಗುರುತಿಸಿದರು. ಹುಡುಕಾಟವೇ ಇಲ್ಲದ ಬದ್ಧತೆ ಅದು. ಹೊರಗಿಂದ ನೋಡಿದರೆ ಶಿಸ್ತಿನ ಮಗು, ಸೀಟು ಸಿಗದ ದಿನ ಮಾತ್ರ ತಾನು ಯಾರೆಂದೇ ತಿಳಿಯುವುದಿಲ್ಲ. ಅರ್ಜಿ ಹಾಕುವ ಮೊದಲು ಮೂರು ಬೇರೆ ಬೇರೆ ಕೆಲಸದವರ ಹತ್ತಿರ ಕಳಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ಎಂತ ಮಾಡುತ್ತಾರೆಂದು ಕೇಳಿ ಬರಲಿ. ಗೊಂದಲ ಇರಲಿ, ಅದು ಕಾಯಿಲೆ ಅಲ್ಲ. ನಿದ್ದೆ, ಊಟ, ಗೆಳೆಯರು ಎಲ್ಲ ಎರಡು ವಾರಕ್ಕಿಂತ ಹೆಚ್ಚು ಕಾಲ ಬಿಟ್ಟುಹೋದರೆ ಕಾಯದೆ ವೈದ್ಯರನ್ನೋ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅನ್ನೋ ಸಂಪರ್ಕಿಸಿ. ಸಾಯುವ ಮಾತು ಬಂದರೆ ಅದೇ ದಿನ, ಮಗುವನ್ನು ಒಂಟಿ ಬಿಡದೆ.

ದೊಡ್ಡವರಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮಕ್ಕಳಿಲ್ಲದವರು ಸಹ ಕೆಲಸ ಕಲಿಸಿ, ಭಜನೆ ಹೇಳಿಕೊಟ್ಟು ನಡುವಯಸ್ಸಿನ ಆ ಕಾಳಜಿಯನ್ನು ಪೂರೈಸುತ್ತಾರೆ. ಮುಂಬೈ ಹೋಟೆಲಿನಲ್ಲಿ ಆಯುಷ್ಯ ಸವೆಸಿ ಊರಿಗೆ ಬಂದ ಅಜ್ಜ "ಎಲ್ಲ ವ್ಯರ್ಥ ಆಯ್ತು" ಎಂದರೆ "ಹಾಗೆ ಹೇಳ್ಬೇಡಿ" ಎಂದು ಬಾಯಿ ಮುಚ್ಚಿಸಬೇಡಿ. ಸಣ್ಣ ಪ್ರಶ್ನೆ ಕೇಳಿ: "ಅಜ್ಜ, ಮೊದಲ ದಿನ ಎಂತ ಕೆಲಸ ಕೊಟ್ರು? ರಾತ್ರಿ ಎಲ್ಲಿ ಮಲಗಿದ್ರಿ? ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸಿದ್ರಿ?" ಉತ್ತರ ಬರುವವರೆಗೆ ಪಕ್ಕದಲ್ಲಿ ಕೂತಿರಿ.