ಎರಡನೇ ಟ್ಯೂಬ್

ಕಳೆದ ಮಳೆಗಾಲದ ಒಂದು ನೈಟ್ ಡ್ಯೂಟಿ ಇನ್ನೂ ಮನಸ್ಸಿನಿಂದ ಹೋಗಿಲ್ಲ. ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸರ್ವಿಸ್ ಆಗಿ 19 ವರ್ಷ.

ರಾತ್ರಿ ಎಂಟು ದಾಟಿತ್ತು. ಹೊರಗೆ ಜಡಿಮಳೆ. ಜೀಪಿನಲ್ಲಿ ಒಬ್ಬರನ್ನು ಕರೆತಂದರು. ಅಡಿಕೆ ತೋಟದಲ್ಲಿ ಸೋಗೆ ಎಳೆಯುವಾಗ ಪಾದಕ್ಕೆ ಹಾವು ಕಚ್ಚಿತ್ತು. ನೋಡಿದ್ದು ಅರೆಬರೆ. 'ಕಂದು ಬಣ್ಣ, ಗಿಡ್ಡಕೆ ಇತ್ತು' ಅಂದರು. 'ಕೊಳಕುಮಂಡಲವೇ' ಎಂದರು ಜೊತೆಗೆ ಬಂದವರು. ಪಾದ ಸ್ವಲ್ಪ ಊದಿತ್ತು, ಅಷ್ಟೆ. ಒಸಡಿನಲ್ಲಿ ರಕ್ತ ಇರಲಿಲ್ಲ.

ಕೊಳಕುಮಂಡಲದ ವಿಷ ಏರಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ನೋಡಲು ಎರಡು ಎಂಎಲ್ ರಕ್ತ ತೆಗೆದು ಟ್ಯೂಬಿಗೆ ಹಾಕಿ, ಗಡಿಯಾರ ನೋಡಿ ಇಟ್ಟೆ. 20 ನಿಮಿಷ ಅಲುಗಿಸಬಾರದು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ನೂರಾರು ಸಲ ಮಾಡಿದ ಕೆಲಸ. ಆಗ ನನ್ನ ಜೊತೆ ಡ್ಯೂಟಿಯಲ್ಲಿದ್ದ ಹುಡುಗಿ ಮೆಲ್ಲಗೆ ಕೇಳಿದಳು. ಕಾಂಟ್ರ್ಯಾಕ್ಟ್ ಮೇಲೆ ಬಂದವಳು, ಇನ್ನೂ ವರ್ಷ ತುಂಬಿಲ್ಲ.

'ಅಕ್ಕ, ಅದು ತೊಳೆದಿಟ್ಟ ಟ್ಯೂಬ್ ಅಲ್ವಾ? ಸೋಪು ಹಾಕಿ ತೊಳೆದಿದ್ರೆ ರಿಸಲ್ಟ್ ತಪ್ಪು ಬರತ್ತಂತೆ. ಹೊಸದರಲ್ಲಿ ಇಡೋಣ್ವಾ?'

ಅವಳ ದನಿಯಲ್ಲಿ ಸೊಕ್ಕು ಇರಲಿಲ್ಲ. ಆದರೂ ನನಗೆ ಚುರುಕ್ ಅಂತು. ಡಾಕ್ಟ್ರು ಅಲ್ಲೇ ನಿಂತಿದ್ದರು, ರೋಗಿಯ ಹೆಂಡತಿಯೂ ನೋಡುತ್ತಿದ್ದಳು. 'ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡ್ತಿದೀನಿ. ನೀನು ಹೋಗಿ ಡ್ರಿಪ್‌ಗೆ ಲೈನ್ ಹಾಕು' ಅಂದೆ. ಅವಳು ಸುಮ್ಮನೆ ಹೋದಳು.

ಇಪ್ಪತ್ತು ನಿಮಿಷ ಆಯಿತು. ಟ್ಯೂಬ್ ಓರೆ ಮಾಡಿದೆ. ರಕ್ತ ನೀರಿನ ಹಾಗೆ ಹರಿಯಿತು. 'ಕ್ಲಾಟ್ ಆಗಿಲ್ಲ ಸಾರ್' ಅಂದೆ. ಡಾಕ್ಟ್ರು ನನ್ನ ಮಾತಿನ ಮೇಲೆ ನಂಬಿಕೆ ಇಟ್ಟರು. 10 ವಯಲ್ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಬರೆದರು. ವಯಲ್ ಕುಲುಕಿದರೆ ನೊರೆ ಬರುತ್ತದೆ. ಹಾಗಾಗಿ ಒಂದೊಂದನ್ನೇ ಅಂಗೈ ನಡುವೆ ಉರುಳಿಸಿ ಕರಗಿಸಿದೆವು. ಸಲೈನ್‌ಗೆ ಹಾಕಿ ಡ್ರಿಪ್ ಶುರು ಮಾಡಿದೆವು.

ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಅವರು ಕುತ್ತಿಗೆ ಕೆರೆದುಕೊಳ್ಳಲು ಶುರು ಮಾಡಿದರು. ಎದೆ ತುಂಬಾ ದದ್ದು. ವಾಂತಿ. 'ಸಿಸ್ಟ್ರೇ, ಉಸಿರು ಹಿಡಿತಿದೆ' ಅಂದರು. ಬಿಪಿ 80ಕ್ಕೆ ಇಳಿದಿತ್ತು. ಎಎಸ್‌ವಿಗೆ ರಿಯಾಕ್ಷನ್ ಆಗಿತ್ತು. ಡ್ರಿಪ್ ನಿಲ್ಲಿಸಿ, ಅದಕ್ಕೆ ಕೊಡುವ ಅಡ್ರಿನಾಲಿನ್‌ಗೆ ಟ್ರೇ ತಡಕಿದೆ. ಆಂಪ್ಯೂಲ್ ಕೈಗೆ ಸಿಗಲಿಲ್ಲ. ಆಗ ಪಕ್ಕದಿಂದ ಒಂದು ಕೈ ಬಂತು. ಆ ಹುಡುಗಿ ಎಎಸ್‌ವಿ ಶುರುವಾಗುವ ಮೊದಲೇ ಅಡ್ರಿನಾಲಿನ್ ಸಿರಿಂಜಿಗೆ ಎಳೆದು, ಹೆಸರು ಅಂಟಿಸಿ ಇಟ್ಟಿದ್ದಳು. ಡಾಕ್ಟ್ರು ಹೂಂ ಅಂದ ತಕ್ಷಣ ತೊಡೆಗೆ ಅರ್ಧ ಎಂಎಲ್ ಕೊಟ್ಟಳು.

ಆಮೇಲಿನ ಕೆಲವು ನಿಮಿಷ ನಾನು ಅವರ ಕೈ ಹಿಡಿದು ನಾಡಿ ನೋಡುತ್ತಾ ನಿಂತಿದ್ದೆ. ಬಿಪಿ ನಿಧಾನಕ್ಕೆ ಮೇಲೆ ಬಂತು. ತುಟಿಗೆ ಬಣ್ಣ ಬಂತು. ಹೆಂಡತಿ ಗೋಡೆಗೆ ಒರಗಿ ಅಳುತ್ತಿದ್ದಳು.

ಆಗ ಆ ಹುಡುಗಿ ಡಾಕ್ಟ್ರನ್ನೂ ನನ್ನನ್ನೂ ಕಿಟಕಿ ಹತ್ತಿರ ಕರೆದಳು. ಅಲ್ಲೊಂದು ಟ್ಯೂಬ್ ಇತ್ತು. ಲೈನ್ ಹಾಕುವಾಗಲೇ ರಕ್ತ ತೆಗೆದು, ಲ್ಯಾಬಿನಲ್ಲಿ ಉಳಿದಿದ್ದ ಹೊಸ ಗಾಜಿನ ಟ್ಯೂಬಿಗೆ ಹಾಕಿ ಇಟ್ಟಿದ್ದಳು. ಓರೆ ಮಾಡಿದಳು. ರಕ್ತ ಜಾರಲಿಲ್ಲ. ಗಟ್ಟಿಯಾಗಿ ತಳಕ್ಕೆ ಕೂತಿತ್ತು.

ಅಂದರೆ ಆ ಮನುಷ್ಯನಿಗೆ ಆ ಹೊತ್ತಿಗೆ ಎಎಸ್‌ವಿ ಬೇಕೇ ಇರಲಿಲ್ಲ. ಅವರನ್ನು ಸಾವಿನ ಹತ್ತಿರ ಒಯ್ದದ್ದು ಹಾವಲ್ಲ, ನಾನು. ಡಾಕ್ಟ್ರು ಡ್ರಿಪ್ ಮತ್ತೆ ಶುರು ಮಾಡಿಸಲಿಲ್ಲ. ಗಂಟೆಗೊಂದರಂತೆ ಟ್ಯೂಬ್ ಇಟ್ಟೆವು. ಪ್ರತಿ ಸಲವೂ ಹೆಪ್ಪುಗಟ್ಟಿತು. ಎರಡು ದಿನ ಬಿಟ್ಟು ನಡೆದುಕೊಂಡೇ ಮನೆಗೆ ಹೋದರು.

ಗಾಜಿನ ಮೈ ತಾಗಿದಾಗಲೇ ರಕ್ತ ಹೆಪ್ಪುಗಟ್ಟಲು ಶುರುವಾಗುವುದು. ಸೋಪಿನ ಪದರ ಉಳಿದಿದ್ದರೆ ಆಗಲ್ಲ. ಪ್ಲಾಸ್ಟಿಕ್ ಟ್ಯೂಬನ್ನೂ ನಂಬಲಾಗದು. ಇದನ್ನು ಹೇಳಿಕೊಡಲೆಂದೇ ನನ್ನನ್ನು ಶಿವಮೊಗ್ಗಕ್ಕೆ ಟ್ರೈನಿಂಗ್‌ಗೆ ಕಳಿಸಿದ್ದರು. ಊಟ ಮುಗಿಸಿ, ಸಹಿ ಹಾಕಿ, ಮೂರು ಗಂಟೆ ಬಸ್ಸಿಗೆ ಹೊರಟು ಬಂದಿದ್ದೆ. ಗೊತ್ತಿರೋದೇ ಅಲ್ವಾ ಅಂತ. ಆಡಳಿತದ ಮೇಲೂ ನನಗೆ ಸಿಟ್ಟಿದೆ. 2024ರಲ್ಲಿ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದಿತು, ಫಾರಂ ಜಾಸ್ತಿಯಾದವು. ಗಾಜಿನ ಟ್ಯೂಬ್ ಬೇಕೆಂದು ಕಳಿಸಿದ ಇಂಡೆಂಟ್ ಮಾತ್ರ ತಿಂಗಳುಗಟ್ಟಲೆ ಹಾಗೇ ಬಿದ್ದಿತ್ತು. ಆದರೆ ಆ ರಾತ್ರಿ ಲ್ಯಾಬಿನಲ್ಲಿ ಹೊಸ ಟ್ಯೂಬ್ ಇತ್ತು. ಹತ್ತು ಹೆಜ್ಜೆ ದೂರ.

ಬೆಳಿಗ್ಗೆ ಹ್ಯಾಂಡ್‌ಓವರ್ ಆದ ಮೇಲೆ ಅವಳ ಹತ್ತಿರ ಹೋದೆ. ಕ್ಷಮೆ ಕೇಳಿದೆ. ಅವಳು 'ಅಯ್ಯೋ ಬಿಡಿ ಅಕ್ಕ' ಅಂದಳು. ಬಿಡಲಿಕ್ಕೆ ನನಗೆ ಆಗಲಿಲ್ಲ. ಬರೀ ಕ್ಷಮೆ ಕೇಳಿದರೆ ಮುಂದಿನ ರಾತ್ರಿಯೂ ನಾನು ಅದೇ ನಾನಾಗಿರುತ್ತಿದ್ದೆ. 'ನಿನಗೆ ಕಲಿಸಿದ್ದನ್ನೆಲ್ಲ ನನಗೂ ಕಲಿಸು' ಅಂದೆ. ಆ ಮಾತು ಬಾಯಿಂದ ಹೊರಡಿಸುವುದು ಕಷ್ಟವಾಯಿತು.

ವಾರಕ್ಕೆ ಎರಡು ದಿನ, ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ ಕೂತೆವು. ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ ಮಾಡಿದ್ದು, ಇಲ್ಲಿನ ತೋಟಗಳಲ್ಲಿ ಸಿಗುವ ಗುಳಿ ಮಂಡಲಗಳಿಗೆ ಅದು ನಾಟುವುದಿಲ್ಲ ಎಂಬುದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದು ಆಗ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೊದಮೊದಲು ಬೇರೆ ಸಿಸ್ಟರ್‌ಗಳು ನೋಡುತ್ತಾರೆ ಎಂದು ಬಾಗಿಲು ಹಾಕುತ್ತಿದ್ದೆ. ಮೂರನೇ ವಾರಕ್ಕೆ ಅವರಲ್ಲೇ ಇಬ್ಬರು ಬಂದು ಕೂತರು. ಹಳೆಯ ತೊಳೆದ ಟ್ಯೂಬುಗಳನ್ನೆಲ್ಲ ನಾನೇ ಎಸೆದೆ. ಇಂಡೆಂಟ್ ಹಾಕಿದ ಟ್ಯೂಬ್ ಬರುವವರೆಗೆ ಕೈಯಿಂದ ದುಡ್ಡು ಹಾಕಿ ಶಿವಮೊಗ್ಗದಿಂದ ಒಂದು ಬಾಕ್ಸ್ ತರಿಸಿದೆ.

ಹೋದ ವಾರ ಟ್ರೈನಿಂಗ್‌ಗೆ ಬಂದ ವಿದ್ಯಾರ್ಥಿನಿಯೊಬ್ಬಳು, 'ಸಿಸ್ಟರ್, ಬಿಪಿ ಕಫ್ ಇವರ ತೋಳಿಗೆ ಚಿಕ್ಕದಾಯ್ತಲ್ವಾ?' ಎಂದಳು. ಅದೇ ಚುರುಕ್ ಮತ್ತೆ ಅಂತು. ನಾಲಿಗೆ ತುದಿಗೆ ಮಾತೂ ಬಂದಿತ್ತು. ತಡೆದುಕೊಂಡೆ. ಕಫ್ ಬಿಚ್ಚಿ ದೊಡ್ಡದನ್ನು ತರಲು ಹೋದೆ.